ಶಿಲೀಂಧ್ರನೆಂಬ ಆಸಾಮಿ

ಸಂಕ್ರಾಂತಿಗೆ ಎಳ್ಳುಬೆಲ್ಲ ಮಾಡಲು ಉಂಡೆ ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿಕೊಡುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ನಿವೃತ್ತನಾದ ಮೇಷ್ಟ್ರಿಗೆ ಮನೆಯಲ್ಲಿ ಇಷ್ಟಾದರೂ ಅಧಿಕಾರ ಉಳಿದಿದೆಯಲ್ಲ ಎಂದು ಪ್ರತಿ ವರ್ಷ ಖುಷಿಯಿಂದಲೇ ಕೂರುತ್ತೇನೆ. ಈ ಸಲ ಮೊದಲನೆಯ ಉಂಡೆ ಚೆನ್ನಾಗಿತ್ತು. ಎರಡನೆಯದನ್ನು ಒಡೆದೆ ನೋಡಿ, ಮೂಗಿಗೆ ಒಂದು ವಾಸನೆ ಬಡಿಯಿತು. ಒದ್ದೆ ಗೋಣಿಚೀಲ, ಹಳೇ ಎಣ್ಣೆ, ಬಹಳ ದಿನ ಬಾಗಿಲು ತೆಗೆಯದ ಕೋಣೆ, ಎಲ್ಲ ಸೇರಿದ ವಾಸನೆ. ಒಳಮೈಗೆಲ್ಲ ಹಸಿರು ಬೂಷ್ಟು ಹಿಡಿದಿತ್ತು.

"ಎಸೀರಿ ಅತ್ಲಾಗೆ," ಅಂದಳು ನನ್ನ ಹೆಂಡತಿ. ನಾನು ಎಸೆಯಲಿಲ್ಲ. ಇನ್ನೊಂದು ಸಲ ಮೂಸಿ ನೋಡಿದೆ. ಅವಳು ನನ್ನನ್ನೇ ದಿಟ್ಟಿಸಿದಳು. ಬುದ್ಧಿ ಈಗಲೇ ಕೈಕೊಟ್ಟರೆ ಮುಂದೆ ಹೇಗಪ್ಪಾ ಎಂಬ ಚಿಂತೆ ಆ ನೋಟದಲ್ಲಿತ್ತು. ನನಗೆ ಮಾತ್ರ ಕಡೂರಿನ ಕೊಬ್ಬರಿ ಸಾವ್ಕಾರರು ಕಣ್ಣ ಮುಂದೆ ಬಂದು ನಿಂತಿದ್ದರು...

ಆಗ ನಾನು ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಬಾಡಿಗೆ ಮನೆಯ ಹಿಂದಿನ ಗೋಡೆಯೂ ಸಾವ್ಕಾರರ ಕೊಬ್ಬರಿ ಗೋದಾಮಿನ ಗೋಡೆಯೂ ಒಂದೇ. ಅವರ ಮನೆ ಗೋದಾಮಿಗೆ ಅಂಟಿಕೊಂಡೇ ಇತ್ತು, ಆ ಗೋಡೆಯ ಒಂದು ತುದಿ ಅವರ ಮನೆಯದೂ ಹೌದು. ಎತ್ತರದ ಆಳು, ದೊಡ್ಡ ಕಿವಿ. ಆ ಕಿವಿಯೇ ಅವರ ಬಂಡವಾಳ. ತರೀಕೆರೆ, ಅಜ್ಜಂಪುರದ ಕಡೆಯಿಂದ ರೈತರು ಟೆಂಪೋದಲ್ಲಿ ಕೊಬ್ಬರಿ ತಂದು ಸುರಿದರೆ ಸಾವ್ಕಾರರು ಒಂದೊಂದೇ ಉಂಡೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಟಕ್ಕೆಂದು ತಟ್ಟುವರು. ಕಣ್ಣು ಮುಚ್ಚಿ ಕೇಳುವರು. ಒಳ್ಳೆಯದಾದರೆ ಮಾತಿಲ್ಲದೆ ರಾಶಿಗೆ ಎಸೆಯುವರು. ಇಲ್ಲವಾದರೆ ಒಂದೇ ಮಾತು: "ಬೂಷ್ಟು."

ಆ ಮಾತಿಗೆ ಅಪೀಲಿರಲಿಲ್ಲ. "ಹೊರಗಿಂದ ಚೆನ್ನಾಗೇ ಐತಲ್ಲ ಸಾವ್ಕಾರ್ರೆ," ಎಂದು ರೈತ ಗೋಗರೆದರೆ ಕಲ್ಲಿನ ಮೇಲೆ ಕುಕ್ಕಿ ಒಡೆದು ತೋರಿಸುವರು. ನೂರಕ್ಕೆ ತೊಂಬತ್ತು ಸಲ ಅವರು ಹೇಳಿದ್ದೇ ಸರಿ ಇರುತ್ತಿತ್ತು. ಉಳಿದ ಹತ್ತು ಸಲ ಒಡೆದ ಕೊಬ್ಬರಿ ಹಾಲಿನಂತೆ ಬೆಳ್ಳಗೆ ನಗುತ್ತಿತ್ತು. ಆಗ ಸಾವ್ಕಾರರು ಅದನ್ನು ಬಾಯಿಗೆ ಹಾಕಿಕೊಂಡು, "ಇವತ್ತಲ್ದಿದ್ರೆ ನಾಳೆ ಬತ್ತಿತ್ತು," ಎಂದು ಅಗಿಯುತ್ತಾ ಒಳಗೆ ಹೋಗುವರು. ಅಜ್ಜಂಪುರದ ಕಡೆಯ ರೈತನೊಬ್ಬನಿಗಂತೂ ಈ ಶಾಸ್ತಿ ಪ್ರತಿ ವರ್ಷ ಆಗುತ್ತಿತ್ತು. ಬೈದುಕೊಂಡು ಹೋದವನು ಮುಂದಿನ ವರ್ಷ ಮತ್ತೆ ಅಲ್ಲಿಗೇ ಬರುತ್ತಿದ್ದ. ಸಾವ್ಕಾರರು ಒಪ್ಪಿದ ಮಾಲು ಎಂದರೆ ಅಷ್ಟು ಹೆಸರು.

ಇಂಥ ಮನುಷ್ಯನ ಎರಡೂ ಮೂತ್ರಪಿಂಡ ಕೈಕೊಟ್ಟವು. ಬಿ.ಪಿ. ಇದೆ ಎಂದು ಡಾಕ್ಟರು ಎಷ್ಟೋ ವರ್ಷ ಹೇಳಿದ್ದರಂತೆ. "ಹೊರಗಿಂದ ಚೆನ್ನಾಗೇ ಇದೀನಲ್ಲ," ಎಂದು ಇವರು ಮಾತ್ರೆ ನುಂಗದೆ ತಿರುಗಿದ್ದರಂತೆ. ಚಿಕ್ಕಮಗಳೂರಿಗೆ ಡಯಾಲಿಸಿಸ್‌ಗೆ ಓಡಾಟ ಶುರುವಾಯಿತು. ಕುಡಿಯುವ ನೀರಿಗೂ ಲೆಕ್ಕ ಬಂತು. ಬೇಸಿಗೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಮಜ್ಜಿಗೆ ಕುಡಿಯುವುದನ್ನು ಅವರು ನೋಡುತ್ತಿದ್ದ ರೀತಿ ನೆನೆದರೆ ಈಗಲೂ ನನಗೆ ಮಜ್ಜಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಬೇರೆಯವರ ಕಿಡ್ನಿ ಹಾಕಿಸಿದರೆ ಈ ಪಾಡು ತಪ್ಪುತ್ತದೆ ಎಂದರು. ಮಕ್ಕಳಿಲ್ಲದ ಮನೆ. ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ತಮ್ಮದು ಕೊಡಲು ತಯಾರಾಗಿ ನಿಂತರೂ ಸಕ್ಕರೆ ಕಾಯಿಲೆಯವರದು ಆಗುವುದಿಲ್ಲ ಎಂದುಬಿಟ್ಟರು.

ಆಗ ಬಂದವರು ಅಕ್ಕ. ಸಾವ್ಕಾರರಿಗಿಂತ ದೊಡ್ಡವರು, ಚೌಳಹಿರಿಯೂರಿಗೆ ಮದುವೆಯಾಗಿ ಹೋದವರು, ಗಂಡ ತೀರಿಹೋದ ಮೇಲೆ ಹೊಲ ಮನೆ ಎಲ್ಲ ತಾವೇ ನೋಡಿಕೊಂಡವರು. ತಮ್ಮನ ಜೊತೆ ಅವರು ಜಗಳವಾಡದ ದಿನವನ್ನು ನಾನು ಕಂಡಿಲ್ಲ. ಗಂಡ ಇದ್ದಾಗ ಗೌರಿಹಬ್ಬಕ್ಕೆ ತವರಿನಿಂದ ಹೋದ ಬಾಗಿನದ ಮೊರ ಚಿಕ್ಕದಾಯಿತೆಂದು ಒಂದು ವರ್ಷ ಪೂರ್ತಿ ಮಾತು ಬಿಟ್ಟಿದ್ದವರು. ಅವರು ಸೆರಗು ಸಿಕ್ಕಿಸಿಕೊಂಡು ಬಂದು, "ಎರಡು ಇದ್ವು ಅಂತ್ಲೇ ಇಷ್ಟು ವರ್ಷ ನಂಗೆ ಗೊತ್ತಿರ್ಲಿಲ್ಲ ಕಣೋ. ಗೊತ್ತಿಲ್ದೆ ಇದ್ದುದ್ರಲ್ಲಿ ಒಂದು ಹೋದ್ರೆ ಏನಂತೆ?" ಎಂದರು. ಅಷ್ಟೇ. ಅದರ ಮೇಲೆ ಚರ್ಚೆ ನಡೆಯಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಇಬ್ಬರೂ ಚೆನ್ನಾಗಿ ಎದ್ದು ಊರಿಗೆ ಬಂದರು. ಆಮೇಲೆ ಅಕ್ಕನ ದರ್ಬಾರು ಶುರುವಾಯಿತು. ದಿನಾ ಬೆಳಿಗ್ಗೆ ಫೋನು. ಮೊದಲ ಪ್ರಶ್ನೆ, "ನನ್ನ ಕಿಡ್ನಿ ಹೆಂಗೈತೋ?" ತಮ್ಮ ಹೇಗಿದ್ದಾನೆ ಎನ್ನುವುದು ಆಮೇಲಿನ ಮಾತು. ಖಾರ ತಿಂದೆ ಎಂದರೆ ಅದಕ್ಕೆ ಖಾರ ಆಗದು. ಉಪವಾಸ ಮಾಡಿದೆ ಎಂದರೆ ಅದಕ್ಕೆ ಹಸಿವು ಗೊತ್ತಿಲ್ಲ. ಕಡೂರಿನ ನೀರು ಅದಕ್ಕೆ ಒಗ್ಗುವುದಿಲ್ಲ ಎಂದು ಚೌಳಹಿರಿಯೂರಿನ ಬೋರ್‌ವೆಲ್ ನೀರನ್ನು ಕ್ಯಾನಿನಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಕುದಿಸಿ ಆರಿಸಿದ ನೀರನ್ನಷ್ಟೇ ಕುಡಿಯಬೇಕೆಂಬ ಆಜ್ಞೆ ಇದ್ದುದರಿಂದ ಅಮ್ಮಾವ್ರು ಅದನ್ನು ಸದ್ದಿಲ್ಲದೆ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದರು. ಅಂಥ ಕರಿಬೇವನ್ನು ನಾನು ಕಡೂರಿನಲ್ಲಿ ಇನ್ನೆಲ್ಲೂ ನೋಡಿಲ್ಲ.

ಆಸ್ಪತ್ರೆಯವರ ಆಜ್ಞೆಗಳು ಬಹಳ ಇದ್ದವು. ಹೊಸ ಕಿಡ್ನಿಯನ್ನು ಮೈ ಹೊರಗೆ ತಳ್ಳದಿರಲೆಂದು ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿಬಿಡುತ್ತವೆ. ಅದಕ್ಕೇ ಜನಜಂಗುಳಿ ಬೇಡ, ಹಸಿ ತರಕಾರಿ ಬೇಡ, ಮಣ್ಣು ಮುಟ್ಟಬೇಡಿ, ಪಾರಿವಾಳದ ಹತ್ತಿರ ಹೋಗಬೇಡಿ, ಮುಖಕ್ಕೆ ಮಾಸ್ಕ್ ಹಾಕಿ. ಎಲ್ಲಕ್ಕಿಂತ ಮೊದಲು, ಗೋದಾಮಿನ ಕಡೆ ತಲೆ ಹಾಕಬೇಡಿ. ಕೊರೊನಾ ಇನ್ನೂ ಬಂದಿರಲಿಲ್ಲ. ಮಾಸ್ಕ್ ಹಾಕಿಕೊಂಡವರನ್ನು ಜನ ಕಳ್ಳರನ್ನು ನೋಡಿದಂತೆ ನೋಡುತ್ತಿದ್ದ ಕಾಲ. ಸಾವ್ಕಾರರು ಅದನ್ನೂ ಹಾಕಿಕೊಂಡರು. ಪಾರಿವಾಳದ ಗೊಡವೆ ಮೊದಲೇ ಇರಲಿಲ್ಲ. ಎಲ್ಲ ಆಜ್ಞೆಯನ್ನೂ ಪಾಲಿಸಿದರು, ಒಂದನ್ನು ಬಿಟ್ಟು.

ಮಧ್ಯಾಹ್ನ ಅಮ್ಮಾವ್ರು ಊಟ ಮಾಡಿ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಗೋದಾಮಿನಿಂದ ಟಕ್... ಟಕ್... ಎಂದು ಶಬ್ದ ಬರುತ್ತಿತ್ತು. ಒಂದು ಭಾನುವಾರ ಅಮ್ಮಾವ್ರಿಗೂ ಅದು ಕೇಳಿಸಿತು. ಸಾವ್ಕಾರರು ಬಟ್ಟೆಯ ಧೂಳು ಕೊಡವುತ್ತಾ ಹೊರಗೆ ಬಂದು, "ಇಲಿ ಕಣೇ," ಅಂದರಂತೆ.

"ಓಹೋ, ಕೊಬ್ಬರಿ ತಟ್ಟಿ ನೋಡಿ ತಿನ್ನೋ ಇಲಿ ನಮ್ಮ ಗೋದಾಮಲ್ಲೇ ಹುಟ್ಟಿರೋದಾ?" ಎಂದು ಅಮ್ಮಾವ್ರು ಕೇಳಿದ್ದು ಗೋಡೆಯ ಈಚೆಗೂ ಕೇಳಿತು. ನಾನೂ ನನ್ನ ಹೆಂಡತಿಯೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು. ನಗುವ ವಿಷಯವಾಗಿರಲಿಲ್ಲ ಅದು. ಆದರೆ ಆಗ ಯಾರಿಗೆ ಗೊತ್ತಿತ್ತು...

ಕೆಮ್ಮು ಹಿಡಿಯಿತು. ಸಂಜೆಯಾದರೆ ಜ್ವರ. ಮೊದಲು ಶೀತ ಎಂದುಕೊಂಡರು, ಆಮೇಲೆ ಧೂಳಿನ ಅಲರ್ಜಿ ಎಂದರು. ತೂಕ ಇಳಿಯುತ್ತಾ ಬಂದಾಗ ಬೆಂಗಳೂರಿನ ಆಸ್ಪತ್ರೆಯವರು ಕೂಡಲೇ ಬನ್ನಿ ಎಂದರು. ಕಡೂರಿನಿಂದ ರೈಲು ಹತ್ತಿದೆವು: ಸಾವ್ಕಾರರು, ಅಮ್ಮಾವ್ರು, ಇಂಗ್ಲಿಷ್ ಬಲ್ಲವನೆಂಬ ತಪ್ಪು ಕಲ್ಪನೆಯ ಮೇಲೆ ನಾನು. ಸ್ಕ್ಯಾನ್ ಆಯಿತು, ಎದೆಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ಕೆಲವು ದಿನ ಬಿಟ್ಟು ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡರು. ಇನ್ನೂ ಚಿಕ್ಕ ವಯಸ್ಸಿನವರು, ಹೊರರಾಜ್ಯದವರು. ಕನ್ನಡದಲ್ಲಿ "ಊಟ ಆಯ್ತಾ" ಎನ್ನುವಷ್ಟು ಕಲಿತಿದ್ದರು. ಮುಂದಿನದನ್ನು ನಾನೇ ಹೇಳಬೇಕಾಯಿತು.

ನಾನು ಜೀವಮಾನವೆಲ್ಲ ಆ ಪಾಠ ಮಾಡಿದವನು. ಗಂಟಲು ಸರಿಮಾಡಿಕೊಂಡು, "ಸಾವ್ಕಾರ್ರೆ, ನಿಮ್ಮ ಶ್ವಾಸಕೋಶದಲ್ಲಿ ಶಿಲೀಂಧ್ರ ಸೇರಿಕೊಂಡಿದೆ," ಎಂದೆ.

ಅವರು ನನ್ನ ಮುಖ ನೋಡಿದರು. "ಯಾವೋನ್ರೀ ಅವ್ನು ಶೈಲೇಂದ್ರ?"

"ಶೈಲೇಂದ್ರ ಅಲ್ಲ, ಶಿಲೀಂಧ್ರ."

"ಯಾವ ಇಂದ್ರನಾದ್ರೂ ಆಗ್ಲಿ. ನಮ್ಮೂರೋನಾ?"

ನಾನು ಪಾಠವನ್ನು ಸುಲಭ ಮಾಡಲು ಹೋಗಿ, ಅದು ಅಣಬೆಯ ಜಾತಿಯದು ಎಂದೆ. ಅಮ್ಮಾವ್ರು ಹೌಹಾರಿ, "ಅಯ್ಯೋ, ಗುಡುಗು ಬಂದ್ರೆ ಎದ್ದು ಬಿಡ್ತದಾ?" ಎಂದು ಗಂಡನ ಎದೆ ಹಿಡಿದುಕೊಂಡರು. ಡಾಕ್ಟರಮ್ಮ ನನ್ನನ್ನು ನೋಡಿದರು. ಏನು ಹೇಳುತ್ತಿದ್ದೀರಿ ಎಂದು ಕೇಳಿದರು. ನನಗೂ ಅದೇ ಸಂಶಯ ಬಂದಿತ್ತು. ಕೊನೆಗೆ ಬೇರೆ ದಾರಿ ಕಾಣದೆ ಆ ಮಾತನ್ನು ಹೇಳಿಬಿಟ್ಟೆ: "ಬೂಷ್ಟು, ಸಾವ್ಕಾರ್ರೆ. ಎದೆಯೊಳಗೆ ಬೂಷ್ಟು ಹಿಡಿದಿದೆ."

ಸಾವ್ಕಾರರ ಮುಖ ಕೆಂಪಾಯಿತು. ಕಾಯಿಲೆ ಎಂದರೆ ಹೆದರುತ್ತಿದ್ದರೋ ಏನೋ, ಇದು ಅವಮಾನ. "ನನಗಾ?" ಎಂದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ತಲೆ ವಾರೆ ಮಾಡಿ, ಕಣ್ಣು ಮುಚ್ಚಿಕೊಂಡು ತಮ್ಮ ಎದೆಯನ್ನು ತಾವೇ ಬೆರಳ ಗೆಣ್ಣಿನಿಂದ ತಟ್ಟಿದರು. ಬಲಕ್ಕೆ ಎರಡು ಸಲ, ಎಡಕ್ಕೆ ಎರಡು ಸಲ. ಕೇಳಿಸಿಕೊಂಡು ತಲೆಯಾಡಿಸಿ, "ಗಟ್ಟಿ ಐತೆ. ಇವ್ರ ಮಿಷಿನ್ ಸರಿ ಇಲ್ಲ," ಎಂದು ತೀರ್ಪು ಕೊಟ್ಟರು. ಡಾಕ್ಟರಮ್ಮ ಎದೆನೋವು ಬಂತೆಂದು ಗಾಬರಿಯಾಗಿ ಎದ್ದು ನಿಂತರು. ಅವರಿಗೆ ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ನನ್ನಿಂದ ಈ ಜನ್ಮಕ್ಕೆ ಸಾಧ್ಯವಿರಲಿಲ್ಲ.

ಅವರು ಹೇಳಿದ್ದರ ಸಾರ ಇಷ್ಟು. ಈ ಬೂಷ್ಟಿನ ಬೀಜ ಎಲ್ಲ ಕಡೆ ಗಾಳಿಯಲ್ಲಿದೆ, ಒಣ ಮಾಲು ತುಂಬಿಟ್ಟ ಜಾಗದಲ್ಲಿ ಇನ್ನೂ ಹೆಚ್ಚು. ನಾವೆಲ್ಲ ದಿನಾ ಉಸಿರಾಡಿ ಬದುಕುತ್ತೇವೆ, ಏನೂ ಆಗುವುದಿಲ್ಲ. ಮೈಯ ಕಾವಲು ಮಲಗಿರುವವರಿಗೆ ಮಾತ್ರ ಅದು ಒಳಗೆ ಹೋಗಿ ಬೇರು ಬಿಡುತ್ತದೆ. ಅದರಲ್ಲೂ ಇವರಿಗೆ ಬಂದಿರುವ ಜಾತಿ ಬಹಳ ಅಪರೂಪದ್ದು. ಈ ಅಪರೂಪ ಎಂಬ ಮಾತು ಸಾವ್ಕಾರರ ಕಿವಿಗೆ ಬಿದ್ದದ್ದೇ ಸ್ವಲ್ಪ ಸಮಾಧಾನವಾಯಿತು. ಕಲಿಯುವ ಡಾಕ್ಟರುಗಳು ಗುಂಪಾಗಿ ಬಂದು ಅವರ ಮಂಚದ ಸುತ್ತ ನಿಂತರೆ, "ಇಡೀ ಆಸ್ಪತ್ರೇಲಿ ಈ ಮಾಲು ಇನ್ನೊಬ್ರ ಹತ್ರ ಇಲ್ವಂತೆ," ಎಂದು ಪಕ್ಕದ ಮಂಚದವರಿಗೆ ಹೇಳುತ್ತಿದ್ದರು.

ಆದರೆ ನಿಜವಾದ ಕಷ್ಟ ಬೇರೆ ಇತ್ತು. ಬೂಷ್ಟು ಸಾಯಬೇಕಾದರೆ ಮೈಯ ಕಾವಲು ಏಳಬೇಕು. ಅದಕ್ಕೆ ಕಿಡ್ನಿಯನ್ನು ಕಾಯುವ ಮಾತ್ರೆ ಇಳಿಸಬೇಕು. ಇಳಿಸಿದರೆ ಎದ್ದ ಕಾವಲು ಅಕ್ಕನ ಕಿಡ್ನಿಯ ಮೇಲೂ ಬೀಳಬಹುದು. ಬೂಷ್ಟಿಗೆ ಕೊಡುವ ಔಷಧಿಯೂ ಕಿಡ್ನಿಗೆ ಒಳ್ಳೆಯದಲ್ಲ. ಮೊದಲು ಜೀವ ಉಳಿಸಿಕೊಳ್ಳೋಣ, ಕಿಡ್ನಿ ಉಳಿದರೆ ಪುಣ್ಯ ಎಂದರು ಡಾಕ್ಟರಮ್ಮ. ನಾನು ಈ ಸಲ ಒಂದು ಪದವೂ ತಪ್ಪದಂತೆ ಹೇಳಿದೆ.

ಸಾವ್ಕಾರರು ಆಗುವುದಿಲ್ಲ ಎಂದರು. ಬೂಷ್ಟಿಗೆ ಏನು ಬೇಕಾದರೂ ಕೊಡಿ, ಕಿಡ್ನಿಯ ಮಾತ್ರೆ ಮುಟ್ಟಬೇಡಿ. ಹಾಗಾದರೆ ನೀವು ಉಳಿಯುವುದು ಕಷ್ಟ ಎಂದಾಗ ಗೋಡೆಯ ಕಡೆ ತಿರುಗಿ ಮಲಗಿದರು. ಅಮ್ಮಾವ್ರು ಅತ್ತರು, ಬೈದರು, ಊಟ ಬಿಟ್ಟರು. ಸಾವ್ಕಾರರು ನನಗೆ ಮಾತ್ರ ಒಮ್ಮೆ ಹೇಳಿದರು, "ಮೇಷ್ಟ್ರೆ, ನಮ್ಮ ಯಾಪಾರದಲ್ಲಿ ಒಂದು ಮಾತೈತೆ. ನೋಡಿ, ಒಪ್ಕೊಂಡು, ರಾಶಿಗೆ ಹಾಕ್ಕೊಂಡ ಮೇಲೆ ಕೆಟ್ರೆ ಅದು ನನ್ನ ತಪ್ಪು. ಅಕ್ಕ ತನ್ನ ಹೊಟ್ಟೆ ಸೀಳ್ಸಿ ಕೊಟ್ಲು. ಗೋದಾಮಿಗೆ ಹೋಗಿ ಕೆಡಿಸ್ಕಂಡೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಆ ಧ್ವನಿಯಲ್ಲಿ ಹಟ ಇರಲಿಲ್ಲ, ನಾಚಿಕೆ ಇತ್ತು. ನಾಚಿಕೆಗೆ ನಾನು ಯಾವ ಔಷಧಿಯನ್ನು ಹೇಳಲಿ...

ಅಕ್ಕನಿಗೆ ತಿಳಿಸಕೂಡದು ಎಂದು ಆಣೆ ಹಾಕಿಸಿಕೊಂಡಿದ್ದರು. ಬೆಳಗಿನ ಫೋನಿಗೆ, "ಚೆನ್ನಾಗೈತೆ ಕಣಕ್ಕ, ಬರೀ ಚೆಕಪ್ಪು," ಎಂದು ಕೆಮ್ಮು ನುಂಗಿಕೊಂಡು ಹೇಳುವರು. ಇತ್ತ ಕಡೂರಿನಲ್ಲಿ ಸುದ್ದಿ ಟೆಂಪೋಗಿಂತ ಮುಂದೆ ಓಡುತ್ತಿತ್ತು. ಸಾವ್ಕಾರರಿಗೇ ಬೂಷ್ಟು ಹಿಡಿದಿದೆ! ಅವರು ಒಡೆದು ಹಾಕಿದ ಕೊಬ್ಬರಿಯ ಒಡೆಯರೆಲ್ಲ ಈ ಮಾತನ್ನು ಟೀ ಅಂಗಡಿಯಲ್ಲಿ ಚಪ್ಪರಿಸಿದರಂತೆ. ನಕ್ಕವರೇ ಆಮೇಲೆ "ಪಾಪ" ಎಂದೂ ಅಂದರಂತೆ. ಅಜ್ಜಂಪುರದ ಆ ರೈತ ಮಾತ್ರ ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಬಂದವನು ಆಸ್ಪತ್ರೆಯನ್ನು ಹುಡುಕಿಕೊಂಡು ಬಂದ. ಹತ್ತಿರ ಬಿಡುವುದಿಲ್ಲ ಎಂದಾಗ ಬಾಗಿಲಲ್ಲೇ ನಿಂತು ಸಾವ್ಕಾರರನ್ನು ಮೇಲಿಂದ ಕೆಳಗೆ ನೋಡಿದ.

"ಹೊರಗಿಂದ ಚೆನ್ನಾಗೇ ಐತಲ್ಲ ಸಾವ್ಕಾರ್ರೆ," ಎಂದ.

ಎಷ್ಟು ವರ್ಷದಿಂದ ಕಾದಿದ್ದನೋ ಪುಣ್ಯಾತ್ಮ! ಸಾವ್ಕಾರರು ಒಂದು ಕ್ಷಣ ಹುಬ್ಬು ಗಂಟಿಕ್ಕಿದವರು ಆಮೇಲೆ ಕೆಮ್ಮು ಬರುವಷ್ಟು ನಕ್ಕರು. ಅವನೂ ನಕ್ಕ. ನಗುತ್ತಲೇ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ನರ್ಸ್ ಬಂದು ಇಬ್ಬರಿಗೂ ಬೈದರು. ಹೊರಗೆ ಅಮ್ಮಾವ್ರು ಮಾತ್ರೆ ಇಳಿಸಲು ಗಂಡ ಒಪ್ಪದಿದ್ದುದನ್ನೂ ಅವನ ಮುಂದೆ ತೋಡಿಕೊಂಡರು. ಊರಿಗೆ ವಾಪಸ್ಸು ಹೋಗುವಾಗ ಅವನು ಸುಮ್ಮನೆ ಹೋಗಬಹುದಿತ್ತು. ಹೋಗಲಿಲ್ಲ. ಚೌಳಹಿರಿಯೂರಿಗೆ ಹೋಗಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ಅವನ ಕೊಬ್ಬರಿಯಲ್ಲಿ ಏನಿತ್ತೋ ನಾನು ಕಾಣೆ, ಮನುಷ್ಯ ಮಾತ್ರ ಒಳಗೂ ಹೊರಗೂ ಚೊಕ್ಕ.

ಮಾರನೆಯ ದಿನ ಮಧ್ಯಾಹ್ನ ವಾರ್ಡಿನ ಹೊರಗೆ ಗದ್ದಲ ಕೇಳಿಸಿತು. ಅಕ್ಕ ಬಂದಿದ್ದರು. ಚಪ್ಪಲಿ ಬಿಡಿ ಎಂದರೆ ಬಿಟ್ಟರು, ಕೈ ತೊಳೆಯಿರಿ ಎಂದರೆ ತೊಳೆದರು, ಹಸಿರು ಗೌನು ಹಾಕಿಕೊಳ್ಳಿ ಎಂದರೆ ಸೀರೆಯ ಮೇಲೇ ಹಾಕಿಕೊಂಡರು. ಮಾಸ್ಕ್ ಹಾಕಿದಾಗ ಮಾತ್ರ, "ಬಾಯಿ ಮುಚ್ಚಿಸೋಕೆ ಬರ್ಬೇಡಿ ನೀವು," ಎಂದರು. ಅದರ ಮೇಲಿಂದಲೇ ಅವರ ಧ್ವನಿ ಮೂರು ಮಂಚದಾಚೆಗೂ ಕೇಳುತ್ತಿತ್ತು.

"ಲೋ, ನನ್ನ ಕಿಡ್ನಿಗೋಸ್ಕರ ಸಾಯ್ತೀನಿ ಅಂದ್ಯಂತೆ?"

ಸಾವ್ಕಾರರು ಮುಸುಕು ಎಳೆದುಕೊಳ್ಳಲು ನೋಡಿದರು. ಅಕ್ಕ ಬಿಡಲಿಲ್ಲ. ಇವರು ಮೆಲ್ಲಗೆ, ರಾಶಿಗೆ ಹಾಕಿಕೊಂಡ ಮೇಲೆ ಕಾಪಾಡುವುದು ತನ್ನ ಜವಾಬ್ದಾರಿ ಎಂದೇನೋ ಗೊಣಗಿದರು.

"ಸರಿ, ರಾಶಿ ಮಾತೇ ಆಡು," ಎಂದರು ಅಕ್ಕ. "ರಾಶೀಲಿ ಬೂಷ್ಟು ಕಂಡ್ರೆ ಏನೋ ಮಾಡ್ತೀಯ? ಒಂದು ಕೊಬ್ಬರಿ ಆಚೆಗೆ ಎಸ್ದು ರಾಶಿ ಉಳಿಸ್ಕೊತೀಯೋ, ಒಂದು ಕೊಬ್ಬರಿ ಮೇಲಿನ ಆಸೆಗೆ ರಾಶಿನೇ ಕೊಳೆಸ್ತೀಯೋ?"

ಸಾವ್ಕಾರರು ಮುಸುಕಿನ ಅಂಚನ್ನು ಕೈಬಿಟ್ಟರು. ತಮ್ಮ ತೀರ್ಪಿಗೆ ಅಪೀಲು ಇಲ್ಲದೆ ಬದುಕಿದ್ದವರು ಅವತ್ತು ಮೊದಲ ಸಲ ಕೇಸು ಸೋತದ್ದನ್ನು ನಾನು ಕಣ್ಣಾರೆ ಕಂಡೆ.

"ನಾನ್ ಕೊಟ್ಟಿದ್ದು ನೀನಿರ್ಲಿ ಅಂತ ಕಣೋ, ಕಿಡ್ನಿ ಇರ್ಲಿ ಅಂತ ಅಲ್ಲ. ಅದು ನನ್ನ ಹತ್ರಾನೇ ಇತ್ತಲ್ಲ, ಚೆನ್ನಾಗೇ ಇತ್ತು." ಇಷ್ಟು ಹೇಳಿ ಅಕ್ಕ ಮಾಸ್ಕಿನ ಮೇಲೇ ಮೂಗು ಒರೆಸಿಕೊಂಡರು. ಕೂಡಲೇ ಗದ್ದಲ ಕೇಳಿ ಬಂದಿದ್ದ ಡಾಕ್ಟರಮ್ಮನ ಕಡೆ ತಿರುಗಿ, "ಅದೇನ್ ಮಾತ್ರೆ ಇಳಿಸ್ಬೇಕೋ ಇಳಿಸಮ್ಮ. ಕೊಟ್ಟೋಳು ನಾನು. ನಾನ್ ಹೇಳ್ತಿದೀನಿ," ಎಂದರು. ಡಾಕ್ಟರಮ್ಮ ನನ್ನ ಕಡೆ ನೋಡಲಿಲ್ಲ. ಅವರಿಗೆ ಅರ್ಥವಾಗಿತ್ತು. ಆದರೂ ಮಂಚದ ಹತ್ತಿರ ಹೋಗಿ ಸಾವ್ಕಾರರನ್ನೇ ನೋಡುತ್ತಾ ನಿಂತರು. ಸಾವ್ಕಾರರು ಅಕ್ಕನ ಮುಖವನ್ನೊಮ್ಮೆ ನೋಡಿ ಆಗಲಿ ಎಂದು ತಲೆಯಾಡಿಸಿದರು.

ಮುಂದಿನ ದಿನಗಳು ನಗುವಂಥವಾಗಿರಲಿಲ್ಲ. ಔಷಧಿ ಏರಿಸಿದರೆ ಸಾವ್ಕಾರರು ಮಂಚ ಅಲ್ಲಾಡುವಂತೆ ನಡುಗುತ್ತಿದ್ದರು. ಕಂಬಳಿಯ ಮೇಲೆ ಕಂಬಳಿ ಹೊದಿಸಿ ಅಕ್ಕ ಒಂದು ಕಡೆ, ಅಮ್ಮಾವ್ರು ಒಂದು ಕಡೆ ಅದುಮಿ ಹಿಡಿಯುತ್ತಿದ್ದರು. ಕೊನೆಗೆ ಬೂಷ್ಟು ಹಿಡಿದ ಶ್ವಾಸಕೋಶದ ಒಂದು ಭಾಗವನ್ನು ಕತ್ತರಿಸಿ ತೆಗೆದರು. ಮನುಷ್ಯ ಉಳಿದರು. ಕಿಡ್ನಿ ಉಳಿಯಲಿಲ್ಲ. ಒಂದೇ ಸಲಕ್ಕೆ ಹೋಗಲಿಲ್ಲ, ದೀಪದ ಎಣ್ಣೆ ತೀರಿದಂತೆ ನಿಧಾನವಾಗಿ ಹೋಯಿತು. ಮತ್ತೆ ಚಿಕ್ಕಮಗಳೂರಿನ ಡಯಾಲಿಸಿಸ್, ಮತ್ತೆ ನೀರಿನ ಲೆಕ್ಕ. ಅಕ್ಕನ ಬೆಳಗಿನ ಫೋನು ನಿಲ್ಲಲಿಲ್ಲ. ಮೊದಲ ಪ್ರಶ್ನೆ ಮಾತ್ರ ಬದಲಾಯಿತು. "ಹೆಂಗಿದೀಯೋ?"

ಆಮೇಲೆ ಸಾವ್ಕಾರರು ಕೆಲವು ವರ್ಷ ಇದ್ದರು. ಗೋದಾಮಿನ ಹೊಸ್ತಿಲಿಂದ ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಮಾಸ್ಕ್ ಹಾಕಿಕೊಂಡೇ ಕೂರುತ್ತಿದ್ದರು. ಆಳು ತಟ್ಟುತ್ತಿದ್ದ, ಇವರು ದೂರದಿಂದಲೇ ಕಿವಿಗೊಡುತ್ತಿದ್ದರು. ಆದರೆ ಬೂಷ್ಟು ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಕೆಟ್ಟ ಕೊಬ್ಬರಿಯ ಸದ್ದು ಕೇಳಿದರೆ ರೈತನ ಕಡೆ ನೋಡಿ, "ಇದ್ರೊಳಗೆ ಶೈಲೇಂದ್ರ ಕುಂತವ್ನೆ ಕಣಯ್ಯ," ಎನ್ನುವರು. ರೈತರಿಗೆ ಮೊದಮೊದಲು ಕಕ್ಕಾಬಿಕ್ಕಿ. ಆಮೇಲೆ ಆ ಕಡೆಯವರೆಲ್ಲ ಹಾಗೇ ಹೇಳಲು ಶುರುಮಾಡಿದರು. ನನ್ನ ತರಗತಿಯಲ್ಲಿ ಒಬ್ಬ ಪರೀಕ್ಷೆಯಲ್ಲೂ ಶೈಲೇಂದ್ರ ಎಂದೇ ಬರೆದ. ನಾನು ಪೂರ್ತಿ ಅಂಕ ಕೊಟ್ಟೆ.

ಕೊರೊನಾ ಬಂದ ಕಾಲದಲ್ಲಿ ಟಿ.ವಿ.ಯವರು ಬೆಳಗಿನಿಂದ ರಾತ್ರಿಯವರೆಗೆ ಕಪ್ಪು ಶಿಲೀಂಧ್ರ, ಕಪ್ಪು ಶಿಲೀಂಧ್ರ ಎಂದು ಕಿರುಚುತ್ತಿದ್ದರಲ್ಲ, ಆಗ ಸಾವ್ಕಾರರು ಗೋಡೆ ಗುದ್ದಿ ನನ್ನನ್ನು ಕೂಗಿದರು. "ಮೇಷ್ಟ್ರೆ, ಟಿ.ವಿ. ಹಾಕಿ ಬೇಗ. ನಮ್ಮ ಶೈಲೇಂದ್ರ ಬತ್ತಾವ್ನೆ! ತಮ್ಮನೋ ಏನೋ, ಸ್ವಲ್ಪ ಕಪ್ಪಗವ್ನೆ!" ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ ನಾವು ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ನಕ್ಕೆವು. ಬಸ್ಸಿನಲ್ಲಿ ಮೊದಲೇ ಕೂತವರು ಆಮೇಲೆ ಹತ್ತಿದವರಿಗೆ ಜಾಗ ಬಿಡುವಾಗಿನ ಗತ್ತು ಅವರ ಮಾತಿನಲ್ಲಿತ್ತು.

ಕೊರೊನಾ ಅವರನ್ನು ಮುಟ್ಟಲಿಲ್ಲ. ಅದೆಲ್ಲ ಮುಗಿದು ಜನ ಮಾಸ್ಕ್ ಬಿಸಾಡಿದ ಮೇಲೆ ಒಂದು ಬೆಳಿಗ್ಗೆ ಡಯಾಲಿಸಿಸ್‌ಗೆಂದು ಹೊರಟವರು ಜಗಲಿಯ ಮೇಲೆ ಕೂತು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹಾಗೇ ವಾಲಿದರು. ಹೃದಯ ನಿಂತಿತ್ತು. ಅಜ್ಜಂಪುರದ ರೈತನೂ ಮಣ್ಣಿಗೆ ಬಂದಿದ್ದ. ಅಕ್ಕ ಅತ್ತದ್ದನ್ನು ನಾನು ನೋಡಲಿಲ್ಲ. ಬಂದ ಜನಕ್ಕೆ ನೀರು ಕೊಡಿ, ನೆರಳಿಗೆ ಕೂರಿಸಿ ಎಂದು ಎಲ್ಲರನ್ನೂ ಬೈಯುತ್ತಾ ಓಡಾಡುತ್ತಿದ್ದರು. ನನಗೂ ಅವತ್ತು ಅಳು ಬರಲಿಲ್ಲ. ಬಹಳ ದಿನದಿಂದ ಸಾಯುತ್ತಿದ್ದವರು ಸತ್ತರೆ ಮನಸ್ಸು ಮೊದಲೇ ತಯಾರಾಗಿರುತ್ತದೆ ಎಂದುಕೊಂಡಿದ್ದೆ.

ಈ ಸಂಕ್ರಾಂತಿ ಕಳೆದ ಮೇಲೆ, ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆಂದು ಚೌಳಹಿರಿಯೂರಿಗೆ ಹೋಗಿದ್ದೆ. ಊಟವಾದ ಮೇಲೆ ಅಕ್ಕನ ಮನೆಗೆ ಹೋದೆ. ವಯಸ್ಸಾಗಿದೆ, ಬೆನ್ನು ಬಾಗಿದೆ, ಬಾಯಿ ಹಾಗೇ ಇದೆ. ಕಾಫಿ ಕೊಟ್ಟರು. ಅದೂ ಇದೂ ಮಾತಾಡುತ್ತಾ ಏನೋ ಸಮಾಧಾನ ಹೇಳಲು ಹೋಗಿ ನಾನು, "ಅಷ್ಟು ಕಷ್ಟಪಟ್ಟು ಕೊಟ್ರಿ ಅಕ್ಕ. ಕೊನೆಗೆ ಅದೂ ಉಳೀಲಿಲ್ಲ, ಅವ್ರೂ ಉಳೀಲಿಲ್ಲ," ಎಂದೆ.

ಅಕ್ಕ ಲೋಟ ಕೆಳಗಿಟ್ಟರು. "ವ್ಯರ್ಥ ಆಯ್ತು ಅಂತೀರೇನು ಮೇಷ್ಟ್ರೆ? ಬೆಂಗ್ಳೂರಿಂದ ಆಪ್ರೇಷನ್ ಮಾಡಿಸ್ಕೊಂಡು ಬರ್ತಿದ್ವಲ್ಲ, ಮೊದಲ್ನೇ ಸಲ. ಬಾಣಾವರ ದಾಟಿದ ಮೇಲೆ ಕಾರು ನಿಲ್ಸು ಅಂದ. ಇಳ್ದು ಬೇಲಿ ಮರೆಗೆ ಹೋದೋನು ಎಷ್ಟೊತ್ತಾದ್ರೂ ಬರ್ಲಿಲ್ಲ. ಬಿದ್ನೋ ಏನೋ ಅಂತ ಹೊಟ್ಟೆ ಹಿಡ್ಕೊಂಡು ನಾನೇ ಹೋದೆ. ನಿಂತವ್ನೆ. ಹುಚ್ಚೆ ಹೊಯ್ತಾ ನಿಂತವ್ನೆ. ಡಯಾಲಿಸಿಸ್ ಶುರುವಾದ ಮೇಲೆ ನಿಂತೇ ಹೋಗಿತ್ತಲ್ಲ ಅದು. ತಿರುಗಿ ನನ್ನ ನೋಡ್ದ. 'ಅಕ್ಕಾ, ಬತ್ತೈತೆ ಕಣೇ! ಇನ್ನೂ ಬತ್ತೈತೆ!' ಅಂತ ಕೂಗ್ದ. ನಗ್ತಾ ಅವ್ನೆ, ಕಣ್ಣಲ್ಲಿ ನೀರು ಸುರೀತೈತೆ. ಚಿಕ್ಕೋನಿದ್ದಾಗ ಚಡ್ಡಿ ಬಿಚ್ಚಿ ಹಿತ್ಲಲ್ಲಿ ನಿಲ್ಲಿಸ್ತಿದ್ದೋಳು ನಾನೇ. ಆಗ್ಲೂ ಹಂಗೇ ಕೂಗ್ತಿದ್ದ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಅಷ್ಟು ನೋಡ್ದೆ ನಾನು. ಇನ್ನೇನ್ ಉಳೀಬೇಕಿತ್ತು?"

ನಾನು ಜೋರಾಗಿ ನಕ್ಕುಬಿಟ್ಟೆ. ಅಕ್ಕನೂ ನಕ್ಕರು. ಕಡೂರಿನ ಬಸ್ಸಿಗೆ ಕಾಯುತ್ತಾ ನಿಂತಾಗಲೂ ನಗುತ್ತಲೇ ಇದ್ದೆ. ಇದನ್ನು ಸಾವ್ಕಾರರಿಗೆ ಹೇಳಿ ರೇಗಿಸಬೇಕು ಎಂದುಕೊಂಡೆ. ಹೇಳಲು ಅವರು ಇಲ್ಲ ಎನ್ನುವುದು ಬಸ್ಸು ಬಂದು ನಿಂತ ಮೇಲೆ ಹೊಳೆಯಿತು. ಆ ಬಸ್ಸು ಬಿಟ್ಟೆ. ಮುಂದಿನದು ಬರುವವರೆಗೆ ನನಗೆ ಮುಖ ಎತ್ತಲಾಗಲಿಲ್ಲ.